ಶುಕನಾಸೋಪದೇಶವೂ ಕಪಿಂಜಲನ ಹಿತವಚನವೂ

ಬಾಣಭಟ್ಟನ ಕಾದಂಬರಿಯಲ್ಲಿ ಅಮಾತ್ಯನಾದ ಶುಕನಾಸನು ಚಂದ್ರಾಪೀಡನಿಗೆ ಮಾಡುವ ಉಪದೇಶವು ನಮ್ಮ ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಬಹುಕಾಲದಿಂದ ಪಾಠವಾಗುತ್ತ ಬಂದಿದೆ. ಅದನ್ನು ಮೂಲಗ್ರಂಥದಿಂದ ಬಿಡಿಸಿ ಪ್ರತ್ಯೇಕ ಪುಸ್ತಕವನ್ನಾಗಿ ಅಚ್ಚುಮಾಡಿಸಿ ವಿದ್ಯಾರ್ಥಿಗಳ ಕೈಗೆ ಕೊಡುವುದು ವಾಡಿಕೆ. ಕಥೆಯ ಆದಿಯನ್ನಾಗಲಿ ಅಂತ್ಯವನ್ನಾಗಲಿ ಅರಿಯದವರಿಗೂ ಈ ಉಪದೇಶದ ಸಮಾಸಗಳು ಕಂಠಪಾಠವಾಗಿರುವುದುಂಟು. ಹಿರಿಯನು ಕಿರಿಯನಿಗೆ ಬುದ್ಧಿ ಹೇಳತಕ್ಕ ಕ್ರಮಕ್ಕೆ ಇದೇ ಆದರ್ಶವೆಂದು ಅಧ್ಯಾಪಕರು ಪ್ರಶಂಸಿಸುತ್ತಾರೆ. ಆ ಪ್ರಶಂಸೆಯು ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ಕಾವ್ಯದ ಒಂದು ಅವಯವವನ್ನು ಕತ್ತರಿಸಿ ತೆಗೆದು, ಅದನ್ನೇ ಕಾವ್ಯದ ತಾತ್ಪರ್ಯವೆಂದು ಸ್ಥಾಪಿಸುವುದು ವಿಮರ್ಶೆಯ ಮಾರ್ಗವಲ್ಲ. ಕಾದಂಬರಿಯಲ್ಲಿ ಹಿತೋಕ್ತಿಯ ಪ್ರಸಂಗಗಳು ಇನ್ನೂ ಉಂಟು. ಅವುಗಳ ನಡುವೆ ಇಟ್ಟು ನೋಡಿದರೆ ಶುಕನಾಸನ ಮಾತಿನ ಸ್ಥಾನವು ರೂಢಿಯಲ್ಲಿ ಎಣಿಸುವುದಕ್ಕಿಂತ ಭಿನ್ನವಾಗಿ ಕಾಣಬರುವುದು.

ಈ ವಿಚಾರವನ್ನು ಈಗ ಎತ್ತುವುದಕ್ಕೆ ಸಾಹಿತ್ಯದ ಹೊರಗಿನ ಕಾರಣವೂ ಒಂದುಂಟು. ವಿದ್ಯಾರ್ಥಿಗೆ ಪಾಠ ಹೇಳುವುದರ ಜೊತೆಗೆ ಅವನ ಮನಸ್ಸಿನ ಕ್ಲೇಶವನ್ನು ವಿಚಾರಿಸಿ ದಾರಿ ತೋರುವ ಒಬ್ಬರು ಶಾಲೆಯಲ್ಲಿರಬೇಕೆಂಬ ಮತವು ಈಚೆಗೆ ಬಲವಾಗಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸನು ತರುಣರು ತಮಗೆ ತಕ್ಕ ವೃತ್ತಿಯನ್ನು ಆರಿಸಿಕೊಳ್ಳಲು ನೆರವಾಗುವ ಕಚೇರಿಯನ್ನು ತೆರೆದನು; ವೃತ್ತಿಯ ವಿಚಾರವಾಗಿ ಮೊದಲಾದುದು ಕ್ರಮೇಣ ಮನಸ್ಸಿನ ವಿಚಾರಕ್ಕೆ ವಿಸ್ತರಿಸಿತು. ನಮ್ಮ ದೇಶದಲ್ಲಿ 1964ರಿಂದ 1966ರವರೆಗೆ ಕಾರ್ಯಮಾಡಿದ ಕೊಠಾರಿ ಆಯೋಗವು ಮಾರ್ಗದರ್ಶನವನ್ನು ಶಿಕ್ಷಣದ ಅಂಗವಾಗಿಯೇ ಎಣಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆಗಳಲ್ಲಿ ಸಮಾಲೋಚಕರಿರಬೇಕೆಂದು ಹೇಳಿತು. 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯಾರ್ಥಿಗಳ ಆತ್ಮಹತ್ಯೆಯ ವಿಷಯದಲ್ಲಿ ನಿರ್ದೇಶಗಳನ್ನು ಕೊಡುತ್ತ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹರಾದ ಒಬ್ಬ ಸಮಾಲೋಚಕರನ್ನಾದರೂ ನಿಯಮಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ಅಂಥವರಿಲ್ಲದ ಕಡೆ ಈ ಭಾರವು ಸಹಜವಾಗಿ ತರಗತಿಯ ಅಧ್ಯಾಪಕನ ಹೆಗಲಿಗೆ, ಅದರಲ್ಲಿಯೂ ಭಾಷೆಯನ್ನೋ ಸಾಹಿತ್ಯವನ್ನೋ ಬೋಧಿಸುವವನ ಹೆಗಲಿಗೆ ಬೀಳುವುದು. ಅವನು ತನ್ನ ಓದಿನಲ್ಲಿ ಆದರ್ಶವನ್ನು ಹುಡುಕಿದಾಗ ಮೊದಲು ನೆನಪಿಗೆ ಬರುವವನು ಶುಕನಾಸನೇ. ಆದಕಾರಣ ಶುಕನಾಸನನ್ನು ಸರಿಯಾಗಿ ಓದುವುದು ಕೇವಲ ವ್ಯಾಸಂಗಿಗಳ ವಿನೋದವಲ್ಲ.

ಕನ್ನಡದಲ್ಲಿ ಈ ಕಾರ್ಯಕ್ಕೆ ಆಪ್ತಸಮಾಲೋಚನೆಯೆಂಬ ಹೆಸರು ನಿಂತಿದೆ. ಹೆಸರಿಟ್ಟವರು ಶಾಸ್ತ್ರಗಳನ್ನು ತೆರೆದು ನೋಡಿಯೇ ಇಟ್ಟರೋ ಇಲ್ಲವೋ, ಹೆಸರಂತೂ ಚೆನ್ನಾಗಿದೆ. ನೈಯಾಯಿಕರ ಮತದಲ್ಲಿ ಶಬ್ದವು ಪ್ರಮಾಣವಾಗಬೇಕಾದರೆ ಅದನ್ನು ಹೇಳುವವನು ಆಪ್ತನಾಗಿರಬೇಕು. ಆಪ್ತನೆಂದರೆ ಸ್ನೇಹಿತನೆಂದಷ್ಟೇ ಅರ್ಥವಲ್ಲ, ವಿಷಯವನ್ನು ತಾನೇ ಕಂಡು, ಕಂಡಂತೆ ತಿಳಿಸುವ ಇಚ್ಛೆಯುಳ್ಳವನು ಎಂದು ಭಾಷ್ಯಕಾರನ ವಿವರಣೆ. ಇನ್ನು ಸಮಾಲೋಚನೆಯೆಂಬ ಮಾತಿನ ಧಾತುವು ನೋಡುವುದನ್ನು ಹೇಳುವುದೇ ಹೊರತು ನುಡಿಯುವುದನ್ನಲ್ಲ. ಉಪದೇಶವೆಂಬಲ್ಲಿಯಾದರೋ ತೋರಿಸಿಕೊಡುವ ಅರ್ಥವಿದೆ. ಕಾಣುವುದು ಮೊದಲು, ತೋರುವುದು ಆಮೇಲೆ. ಈ ಪೌರ್ವಾಪರ್ಯವನ್ನು ನೆನಪಿನಲ್ಲಿಟ್ಟುಕೊಂಡು ಪ್ರಕೃತಕ್ಕೆ ಬರೋಣ.

ಚಂದ್ರಾಪೀಡನು ಓದಿದ ವಿದ್ಯಾಮಂದಿರವನ್ನು ಬಾಣನು ವಿಸ್ತರಿಸಿ ವರ್ಣಿಸಿದ್ದಾನೆ. ತಾರಾಪೀಡ ಮಹಾರಾಜನು ಅದನ್ನು ಉಜ್ಜಯಿನಿಯ ಹೊರಗೆ ಸಿಪ್ರಾನದಿಯ ದಡದಲ್ಲಿ ಕಟ್ಟಿಸುವನು. ಅರ್ಧ ಕ್ರೋಶದಷ್ಟು ಉದ್ದ, ಸುತ್ತಲೂ ಸುಣ್ಣ ಬಳಿದ ಎತ್ತರವಾದ ಪ್ರಾಕಾರ, ಅದರ ಸುತ್ತ ಕಂದಕ, ಗಟ್ಟಿಯಾದ ಕದಗಳು, ಒಳಹೋಗಲು ಒಂದೇ ಬಾಗಿಲು. ಆರನೆಯ ವಯಸ್ಸಿನಲ್ಲಿ ಒಳಹೊಕ್ಕ ಬಾಲಕನು ಹದಿನಾರನೆಯ ವಯಸ್ಸಿನಲ್ಲಿ ಹೊರಬರುವನು. ಅಮಾತ್ಯಪುತ್ರನಾದ ವೈಶಂಪಾಯನನೂ ಜೊತೆಗಿರುವನು. ವ್ಯಾಕರಣ ಮೀಮಾಂಸೆಗಳಿಂದ ಹಿಡಿದು ಮಲ್ಲವಿದ್ಯೆ, ವೀಣೆ, ರತ್ನಪರೀಕ್ಷೆ, ಬಡಗಿಯ ಕೆಲಸ, ಸುರಂಗ ಕೊರೆಯುವುದು, ಈಜುವುದು, ದೇಶಭಾಷೆಗಳವರೆಗೆ ಅವನು ಕಲಿತ ವಿದ್ಯೆಗಳ ಪಟ್ಟಿಯನ್ನು ಓದುತ್ತ ಓದುತ್ತ ನಮಗೇ ಆಯಾಸವಾಗುವುದು. ಈಗಿನ ವಸತಿಶಾಲೆಗಳ ಪ್ರಕಟಣಪತ್ರಗಳು ಇದರ ಮುಂದೆ ಬಡವಾಗಿ ಕಾಣುವುವು. ಬಾಣನು ಈ ಬಾಲಕನನ್ನು ಪಂಜರದಲ್ಲಿಟ್ಟ ಸಿಂಹದ ಮರಿಗೆ ಹೋಲಿಸಿರುವನೆಂಬುದನ್ನು ಮಾತ್ರ ಪಟ್ಟಿಯ ಭರದಲ್ಲಿ ಮರೆಯಲಾಗದು. ತಂದೆತಾಯಿಗಳು ಪ್ರತಿದಿನವೂ ಬಂದು ನೋಡಿಹೋಗುವರಂತೆ. ಆದರೆ ಹತ್ತು ವರ್ಷಗಳಲ್ಲಿ ಆ ಹುಡುಗನು ಒಂದು ದಿನವಾದರೂ ಬೇಸರಪಟ್ಟನೆ, ಅತ್ತನೆ, ಯಾರೊಡನಾದರೂ ಮನಸ್ಸು ಬಿಚ್ಚಿ ಮಾತನಾಡಿದನೆ ಎಂಬುದರ ಪ್ರಸ್ತಾಪವೇ ಇಲ್ಲ.

ಹೀಗೆ ಹೊರಬಂದವನಿಗೆ, ಯೌವರಾಜ್ಯಾಭಿಷೇಕವು ಸಮೀಪಿಸಿದಾಗ, ಶುಕನಾಸನ ಉಪದೇಶವು ದೊರೆಯುವುದು. ಅದರ ಗುಣಗಳನ್ನು ಮೊದಲು ಹೇಳಬೇಕು. ಶುಕನಾಸನು ಚಂದ್ರಾಪೀಡನ ಮೇಲೆ ಯಾವ ತಪ್ಪನ್ನೂ ಹೊರಿಸುವುದಿಲ್ಲ. ನೀನು ಎಲ್ಲವನ್ನೂ ಓದಿದವನು, ನಿನಗೆ ಹೇಳತಕ್ಕದ್ದು ಇಲ್ಲವೆಂದು ಒಪ್ಪಿಯೇ ಪ್ರಾರಂಭಿಸುವನು. ಹುಟ್ಟಿನಿಂದಲೇ ಬಂದ ಐಶ್ವರ್ಯ, ಹೊಸ ಯೌವನ, ರೂಪ, ಬಲ, ಇವು ನಾಲ್ಕೂ ಒಬ್ಬನಲ್ಲಿಯೇ ಕೂಡಿದಾಗ ಒದಗುವ ಅಪಾಯವನ್ನು ಎತ್ತಿ ತೋರುವನು. ದೋಷವನ್ನು ವ್ಯಕ್ತಿಯಲ್ಲಿಡದೆ ಅವನಿರುವ ಸ್ಥಿತಿಯಲ್ಲಿಟ್ಟು ಮಾತನಾಡುವ ಈ ರೀತಿಯು ನಿಜವಾಗಿ ಅನುಕರಣೀಯವಾದುದು. ತರುವಾಯ ಲಕ್ಷ್ಮಿಯ ಚಾಂಚಲ್ಯವನ್ನೂ ಮುಖಸ್ತುತಿಗಾರರ ಧೂರ್ತತೆಯನ್ನೂ ವರ್ಣಿಸುವ ಭಾಗವು ಗದ್ಯಕಾವ್ಯದ ಶಿಖರಗಳಲ್ಲಿ ಒಂದು. ಕೇಳಿದವನು ತೊಳೆದಂತೆ ನಿರ್ಮಲನಾಗಿ ಸಂತೋಷದಿಂದ ಮನೆಗೆ ಹೋಗುವನು.

ಆದರೆ ಆ ದೀರ್ಘವಾದ ಭಾಷಣದಲ್ಲಿ, ಕೇಳುವವನ ಉತ್ತರವನ್ನು ಬಯಸುವ ಪ್ರಶ್ನೆಯು ಒಂದೂ ಇಲ್ಲ. ಚಂದ್ರಾಪೀಡನು ಒಂದು ಮಾತನ್ನೂ ಆಡುವುದಿಲ್ಲ. ಶುಕನಾಸನಿಗೆ ಅವನು ಕಲಿತುದೆಲ್ಲವೂ ಗೊತ್ತು. ಅವನ ಮನಸ್ಸಿನಲ್ಲಿರುವುದು ಏನೆಂಬುದು ಗೊತ್ತಿಲ್ಲ, ಗೊತ್ತಾಗಬೇಕೆಂದು ತೋರುವುದೂ ಇಲ್ಲ. ಇದನ್ನು ಬಾಣನ ಲೋಪವೆಂದು ಎಣಿಸತಕ್ಕದ್ದಲ್ಲ. ಏಕೆಂದರೆ ತನ್ನ ಉಪದೇಶದ ಮೇರೆಯನ್ನು ಶುಕನಾಸನ ಬಾಯಿಂದಲೇ ಕವಿಯು ಹೇಳಿಸಿದ್ದಾನೆ. ವಿಷಯರಸವನ್ನು ಇನ್ನೂ ಅರಿಯದಿರುವ ಈ ಸಮಯವೇ ನಿನಗೆ ಉಪದೇಶಕ್ಕೆ ತಕ್ಕ ಕಾಲ, ಮನ್ಮಥನ ಬಾಣಗಳಿಂದ ಒಡೆದುಹೋದ ಹೃದಯದಲ್ಲಿ ಹಿತೋಕ್ತಿಯು ನೀರಿನಂತೆ ಸೋರಿಹೋಗುವುದು ಎಂಬುದು ಅವನ ಮಾತಿನ ಭಾವ. ಪ್ರತ್ಯೇಕ ಪುಸ್ತಕವನ್ನು ಓದುವವರು ಇದನ್ನು ಒಂದು ಚಮತ್ಕಾರದ ಉಪಮೆಯೆಂದು ತಿಳಿದು ಮುಂದೆ ಹೋಗುವರು. ಕಥೆಯನ್ನು ಪೂರ್ತಿಯಾಗಿ ಓದುವವನಿಗಾದರೋ ಇದು ಮುಂದೆ ಬರುವ ಪ್ರಕರಣದ ಬೀಜವೆಂದು ತಿಳಿಯದಿರದು. ಹಾಗೆ ಒಡೆದುಹೋದ ಹೃದಯವುಳ್ಳ ವಿದ್ಯಾರ್ಥಿಯೊಬ್ಬನನ್ನು ಬಾಣನು ಮುಂದೆ ನಮ್ಮೆದುರಿಗೆ ತಂದು ನಿಲ್ಲಿಸುವನು.

ಅವನೇ ಪುಂಡರೀಕ. ಮಹರ್ಷಿ ಶ್ವೇತಕೇತುವಿನ ಮಗ, ಆಶ್ರಮದಲ್ಲಿ ಬೆಳೆದ ಬ್ರಹ್ಮಚಾರಿ. ಕಪಿಂಜಲನು ಅವನ ಬಾಲ್ಯದ ಸಹಚರ. ಅಚ್ಛೋದ ಸರೋವರದ ತೀರದಲ್ಲಿ ಮಹಾಶ್ವೇತೆಯನ್ನು ಕಂಡ ಕ್ಷಣದಲ್ಲಿಯೇ ಪುಂಡರೀಕನ ಧೈರ್ಯವು ಅಳಿದುಹೋಗುವುದು. ನಮ್ಮ ಪಾಠಶಾಲೆಯಲ್ಲಿ ಶುಕನಾಸೋಪದೇಶವು ಮುಗಿದ ಮೇಲೆ ಈ ಭಾಗವನ್ನು ಬಿಟ್ಟು ಮುಂದಕ್ಕೆ ಹಾರುವುದು ಪದ್ಧತಿಯಾಗಿದ್ದಿತು. ಬ್ರಹ್ಮಚಾರಿಗಳು ಓದತಕ್ಕದ್ದಲ್ಲವೆಂಬುದೇ ಅದಕ್ಕೆ ಕಾರಣ. ಬ್ರಹ್ಮಚಾರಿಯೊಬ್ಬನಿಗೆ ಒದಗಿದ ಗತಿಯನ್ನು ಬ್ರಹ್ಮಚಾರಿಗಳಿಂದಲೇ ಮರೆಮಾಡಿದರೆ ಅದನ್ನು ಓದತಕ್ಕವರು ಯಾರೋ ತಿಳಿಯದು. ಆಲಂಕಾರಿಕರಿಗೆ ಈ ವೃತ್ತಾಂತವು ಬೇರೊಂದು ಕಾರಣದಿಂದ ಪ್ರಿಯವಾದುದು. ಕರುಣವಿಪ್ರಲಂಭಕ್ಕೆ ಸಾಹಿತ್ಯದರ್ಪಣಕಾರನು ಇದನ್ನೇ ಉದಾಹರಿಸಿದ್ದಾನೆ. ಆ ರಸಚರ್ಚೆಯಲ್ಲಿ ನಾಯಕನಿಗೂ ನಾಯಿಕೆಗೂ ಸ್ಥಾನವುಂಟು; ಕಪಿಂಜಲನ ನಡತೆಯನ್ನು ವಿಚಾರಿಸುವವರಿಲ್ಲ. ನಮಗೆ ಬೇಕಾದುದು ಅದೇ.

ಕಪಿಂಜಲನು ಮೊದಲು ಮಾಡುವುದು ಬೈಗುಳ. ಅದೂ ಮಹಾಶ್ವೇತೆಯ ಎದುರಿನಲ್ಲಿಯೇ. ಫಲವೇನಾಯಿತೆಂಬುದನ್ನು ನೋಡಬೇಕು. ಪುಂಡರೀಕನು ನಾಚಿ, ತನ್ನಲ್ಲಿ ಯಾವ ವಿಕಾರವೂ ಇಲ್ಲವೆಂದು ಹೇಳಿ, ಜಪಮಾಲೆಯನ್ನು ತೆಗೆದುಕೊಂಡ ಹುಡುಗಿಯ ಮೇಲೆ ಕೋಪವನ್ನು ನಟಿಸುವನು. ಇತರರ ಮುಂದೆ ಮಾಡಿದ ಗದರಿಕೆಯು ಸತ್ಯವಂತನಾದ ತಪಸ್ವಿಯಿಂದ ಒಂದು ಸುಳ್ಳನ್ನು ಹುಟ್ಟಿಸಿತು. ಅದಕ್ಕಿಂತ ಹೆಚ್ಚಿನ ಪ್ರಯೋಜನವಾಗಲಿಲ್ಲ. ಶಾಲೆಗಳಲ್ಲಿ ಪ್ರತಿದಿನವೂ ನಡೆಯುವುದು ಇದೇ ಅಲ್ಲವೆ? ತರಗತಿಯ ನಡುವೆ ಎಬ್ಬಿಸಿ ನಿಲ್ಲಿಸಿ ಕಾರಣವನ್ನು ಕೇಳಿದರೆ ಹುಡುಗನು ಕೊಡುವ ಉತ್ತರವು ಕಾರಣವಾಗಿರುವುದಿಲ್ಲ, ಪಾರಾಗುವ ಉಪಾಯವಾಗಿರುತ್ತದೆ.

ಆಮೇಲೆ ಕಪಿಂಜಲನು ಸಿಟ್ಟು ತೋರಿಸಿ ಗೆಳೆಯನನ್ನು ಬಿಟ್ಟುಹೋಗುವನು. ಆದರೆ ದೂರ ಹೋಗಲಾರನು. ಒಬ್ಬನೇ ಏನು ಮಾಡುತ್ತಿರುವನೋ ಎಂದು ಹಿಂದಿರುಗಿ, ಮರಗಳ ಮರೆಯಲ್ಲಿ ನಿಂತು ನೋಡಿದರೆ ಪುಂಡರೀಕನು ಅಲ್ಲಿಲ್ಲ. ಆಗ ಅವನ ಚಿತ್ತದಲ್ಲಿ ಏಳುವ ಶಂಕೆಗಳನ್ನು ಬಾಣನು ಒಂದೊಂದಾಗಿ ಬಿಡಿಸಿಡುತ್ತಾನೆ. ಅವಳ ಹಿಂದೆ ಹೋದನೋ, ನಾಚಿಕೆಯಿಂದ ತನ್ನ ಮುಖ ನೋಡಲಾರದೆ ಅಡಗಿದನೋ, ಸಿಟ್ಟಾಗಿ ತನ್ನನ್ನು ತೊರೆದನೋ, ತನ್ನನ್ನೇ ಹುಡುಕುತ್ತಿರುವನೋ. ಲಜ್ಜೆಯು ಮನುಷ್ಯನಿಂದ ಏನನ್ನು ಬೇಕಾದರೂ ಮಾಡಿಸೀತು, ಇವನನ್ನು ಒಬ್ಬನನ್ನೇ ಬಿಟ್ಟಿರುವುದು ಸಲ್ಲದು ಎಂದು ಅವನು ನಿಶ್ಚಯಿಸುವನು. ಸುಮಾರು ಹದಿಮೂರುವರೆ ಶತಮಾನಗಳ ಹಿಂದೆ, ಶ್ರೀಹರ್ಷನ ಆಸ್ಥಾನವನ್ನು ಕಂಡ ಕವಿಯೊಬ್ಬನು ಬರೆದ ಈ ಮಾತನ್ನು ಈಗಿನ ಸಮಾಲೋಚಕರು ತಮ್ಮ ಶಾಸ್ತ್ರದ ಮೊದಲನೆಯ ನಿಯಮಗಳಲ್ಲಿ ಎಣಿಸುವರು. ಜೀವದ ಮೇಲೆ ಅಪಾಯವಿದೆಯೆಂದು ತೋರಿದವನನ್ನು ಏಕಾಂಗಿಯಾಗಿ ಬಿಡಬಾರದು.

ಹುಡುಕಿ ಲತಾಗೃಹದಲ್ಲಿ ಕಂಡಾಗ ಕಪಿಂಜಲನ ನಡತೆ ಬೇರೆಯಾಗಿರುವುದು. ಪಕ್ಕದಲ್ಲಿ ಕುಳಿತು, ಹೆಗಲ ಮೇಲೆ ಕೈಯಿಟ್ಟು, ಇದೇನೆಂದು ಹೇಳು ಎಂದು ಕೇಳುವನು. ಮೊದಲನೆಯ ಸಾರಿ ಪ್ರಶ್ನೆ ಬಂತು. ಎಲ್ಲವನ್ನೂ ಬಲ್ಲ ನೀನು ಕೇಳುವುದೇನು ಎಂಬ ಉತ್ತರವೂ, ಸುಳ್ಳಿಲ್ಲದೆ, ಬಂತು. ಕಪಿಂಜಲನು ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ತಪ್ಪುದಾರಿಯಲ್ಲಿ ನಡೆಯುವ ಗೆಳೆಯನನ್ನು ಶಕ್ತಿಯಿರುವಷ್ಟು ತಡೆಯುವುದು ಧರ್ಮವೆಂದು ಎಣಿಸಿ ಮತ್ತೆ ಉಪದೇಶಕ್ಕೆ ತೊಡಗುವನು. ಇದನ್ನು ಗುರುಗಳು ಕಲಿಸಿದರೆ, ಧರ್ಮಶಾಸ್ತ್ರದಲ್ಲಿ ಓದಿದೆಯಾ ಎಂಬ ಈ ಪ್ರಶ್ನೆಗಳು ವ್ಯಾಕರಣದಲ್ಲಿ ಮಾತ್ರ ಪ್ರಶ್ನೆಗಳು. ಪುಂಡರೀಕನು ಮಧ್ಯದಲ್ಲಿಯೇ ಅವನ ಕೈ ಹಿಡಿದು ತಡೆಯುವನು. ನೀನು ಆ ವಿಷದ ಬಾಣಗಳ ಗುರಿಗೆ ಬಿದ್ದವನಲ್ಲ, ಪರರಿಗೆ ಬುದ್ಧಿ ಹೇಳುವುದು ಸುಲಭ, ಇಂದ್ರಿಯಗಳೂ ಮನಸ್ಸೂ ಸ್ವಾಧೀನದಲ್ಲಿದ್ದು ಕೇಳಬಲ್ಲವನಿಗೆ ಉಪದೇಶವೇ ಹೊರತು ನನಗಲ್ಲ, ಉಪದೇಶದ ಕಾಲವು ಕಳೆದುಹೋಯಿತು ಎಂಬುದು ಅವನ ಮಾತಿನ ಸಾರ. ಶುಕನಾಸನು ಹಿಂದೆ ಆಡಿದ ಮಾತಿಗೆ ಇದು ಸರಿಯಾದ ಪ್ರತಿಧ್ವನಿ. ಅಲ್ಲಿ ಉಪದೇಶಕನು ದೂರದಿಂದ ಹೇಳಿದುದನ್ನು ಇಲ್ಲಿ ರೋಗಿಯು ಒಳಗಿನಿಂದ ಹೇಳುತ್ತಾನೆ. ಇವೆರಡನ್ನೂ ಜೋಡಿಸಿ ಓದದವನಿಗೆ ಬಾಣನ ರಚನೆಯ ಬಿಗುವು ತಿಳಿಯುವುದಿಲ್ಲ.

ಆಮೇಲೂ ಕಪಿಂಜಲನು ಮತ್ತೆ ಮತ್ತೆ ಬುದ್ಧಿ ಹೇಳಿ ನೋಡಿ, ಇನ್ನು ಉಪದೇಶವು ನಿರರ್ಥಕವೆಂದು ಕಂಡು ಅದನ್ನು ಬಿಡುವನು. ತಾವರೆಯ ಎಲೆ ನಾಳಗಳಿಂದ ಹಾಸಿಗೆ ಮಾಡುವನು, ಚಂದನವನ್ನು ಹಚ್ಚುವನು, ಬೀಸುವನು. ತನ್ನಿಂದ ಆಗದೆಂದು ಕಂಡಾಗ ಮಾಡಬಾರದ್ದನ್ನು ಮಾಡಿಯಾದರೂ ಮಿತ್ರನ ಪ್ರಾಣವನ್ನು ಉಳಿಸಬೇಕೆಂದು ನಿರ್ಧರಿಸಿ, ತಿಳಿಸಿದರೆ ಲಜ್ಜೆಯಿಂದ ತಡೆದಾನೆಂದು ಅವನಿಗೆ ತಿಳಿಸದೆಯೇ ಮಹಾಶ್ವೇತೆಯಲ್ಲಿಗೆ ಹೋಗಿ ಎಲ್ಲವನ್ನೂ ಹೇಳುವನು. ಗೆಳೆಯನ ರಹಸ್ಯವನ್ನು ಹೊರಗೆಡಹುವುದು ಸರಿಯೆ? ಹೇಳಿದುದನ್ನು ಗೋಪ್ಯವಾಗಿಡುವುದೂ, ಪ್ರಾಣಾಪಾಯದಲ್ಲಿ ಮಾತ್ರ ತಕ್ಕವರಿಗೆ ತಿಳಿಸುವುದೂ ಈಗಿನ ಸಮಾಲೋಚಕರಿಗೂ ನಿಯಮವಾಗಿರುವುವು; ಕಪಿಂಜಲನ ಧರ್ಮಸಂಕಟವು ಇದೇ. ಅವನು ಮಾಡಿದುದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೂ ಕೆಲಸವು ಕೈಗೂಡಲಿಲ್ಲ. ಮಾತಿನ ಮಧ್ಯದಲ್ಲಿ ರಾಣಿಯು ಬಂದುದರಿಂದ ಕಪಿಂಜಲನು ತಟ್ಟನೆ ಎದ್ದು ಹೋದನು, ಮಹಾಶ್ವೇತೆಯು ಕುಲ ಮರ್ಯಾದೆಗಳನ್ನು ನೆನೆದು ತಡಮಾಡಿದಳು, ಚಂದ್ರೋದಯವಾಯಿತು, ಅವಳು ತರಲಿಕೆಯೊಡನೆ ಸರೋವರವನ್ನು ಸೇರುವ ವೇಳೆಗೆ ಕೇಳಿದುದು ಕಪಿಂಜಲನ ರೋದನ. ಗೆಳೆಯನಲ್ಲಿ ಪ್ರೀತಿಯಿತ್ತು, ಬುದ್ಧಿಯಿತ್ತು, ಧೈರ್ಯವೂ ಇತ್ತು. ಆದರೆ ತಾನು ಒಬ್ಬನೇ ಆಗಿದ್ದನು. ಆಶ್ರಮದಲ್ಲಿ ಹೋಗಿ ಹೇಳಿಕೊಳ್ಳುವುದಕ್ಕೆ ಇನ್ನೊಬ್ಬ ಹಿರಿಯನಿರುವನೆಂಬ ಭಾವನೆಯೇ ಅವನಿಗೆ ಬರಲಿಲ್ಲವೆಂಬುದು ಈ ಪ್ರಕರಣದಲ್ಲಿ ನಮ್ಮನ್ನು ಬಹಳವಾಗಿ ಕಾಡುವ ಅಂಶ. ಕಥೆಯಲ್ಲಿ ಚಂದ್ರಮಂಡಲದಿಂದ ಇಳಿದ ಪುರುಷನೊಬ್ಬನು ಶರೀರವನ್ನು ಎತ್ತಿಕೊಂಡು ಹೋಗಿ ಕಾಪಾಡುವನು, ಪುನಸ್ಸಮಾಗಮವೂ ಆಗುವುದು. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಸತ್ತವರಿಗೆ ಆ ಭಾಗ್ಯವಿಲ್ಲ.

ಮೂರನೆಯ ಪ್ರಸಂಗವು ಇದರೊಳಗೇ ಅಡಗಿದೆ. ಈ ಎಲ್ಲ ವೃತ್ತಾಂತವನ್ನು ಮಹಾಶ್ವೇತೆಯು ಹೇಳುವುದು ಯಾರಿಗೆ? ಶುಕನಾಸನ ಉಪದೇಶವನ್ನು ಮೌನದಿಂದ ಕೇಳಿದ ಅದೇ ಚಂದ್ರಾಪೀಡನಿಗೆ. ತಪಸ್ವಿನಿಯ ವೇಷದಲ್ಲಿರುವ ತರುಣಿಯನ್ನು ಕಂಡು ಅವನು ವಿನಯದಿಂದ ಕೇಳುವನು. ಅವಳು ಉತ್ತರಿಸದೆ ಅಳತೊಡಗುವಳು. ಅವನು ಸಮಾಧಾನದ ಭಾಷಣಕ್ಕೆ ತೊಡಗದೆ, ತನ್ನ ಪ್ರಶ್ನೆಯೇ ಅವಳ ದುಃಖವನ್ನು ಕೆದಕಿತೆಂದು ನೊಂದು, ಎದ್ದುಹೋಗಿ ಮುಖ ತೊಳೆಯಲು ಬೊಗಸೆಯಲ್ಲಿ ನೀರು ತರುವನು. ಅನಂತರ ಕಥೆಯು ಮುಗಿಯುವವರೆಗೂ ಕೇಳುವನು. ಎಲ್ಲವೂ ಮುಗಿದ ಮೇಲೆ ಅವಳು, ತಾನು ಸಾಯದೆ ಉಳಿದೆನೆಂದು ತನ್ನನ್ನೇ ನಿಂದಿಸಿಕೊಳ್ಳುವಾಗ ಮಾತ್ರ ಮಾತನಾಡುವನು. ಪ್ರಿಯನ ಹಿಂದೆ ಸಾಯುವುದು ನಿಷ್ಫಲವೆಂದೂ ಅಜ್ಞರ ಮಾರ್ಗವೆಂದೂ ಹೇಳಿ, ಪತಿಯು ಸತ್ತ ಮೇಲೂ ಜೀವವನ್ನುಳಿಸಿಕೊಂಡ ರತಿ, ಕುಂತಿ, ಉತ್ತರೆ, ದುಶ್ಶಲೆಯರನ್ನು ನೆನೆಯಿಸುವನು. ಅವಳ ದುಃಖವನ್ನು ತಪ್ಪೆನ್ನುವುದಿಲ್ಲ. ಅವಳ ಆತ್ಮನಿಂದೆಯನ್ನು ಮಾತ್ರ ತಪ್ಪೆನ್ನುವನು. ಈ ವಿವೇಕವು ವಿದ್ಯಾಮಂದಿರದ ಪಟ್ಟಿಯಲ್ಲಿ ಕಾಣುವುದಿಲ್ಲ, ಶುಕನಾಸನ ಉಪದೇಶದಲ್ಲಿಯೂ ಇಲ್ಲ. ಕಾವ್ಯದ ಹಿತೋಕ್ತಿಗಳಲ್ಲಿ ಇದೇ ಅತ್ಯುತ್ತಮವೆಂದು ನಾವು ಹೇಳುವುದಕ್ಕೆ ಕಾರಣವು, ಇಲ್ಲಿ ಕಾಣುವುದು ಮೊದಲಾಗಿ ತೋರುವುದು ಆಮೇಲೆ ಬಂದಿರುವುದು.

ಮಮ್ಮಟನ ಕಾವ್ಯಪ್ರಕಾಶದಲ್ಲಿ ಉಪದೇಶವನ್ನು ಪ್ರಭುವಿನಂತೆ, ಮಿತ್ರನಂತೆ, ಕಾಂತೆಯಂತೆ ಎಂದು ಮೂರು ವಿಧವಾಗಿ ವಿಂಗಡಿಸಿರುವುದು ಎಲ್ಲರಿಗೂ ವಿದಿತವೇ. ಆ ಚೌಕಟ್ಟಿಗೆ ಈ ಮೂವರನ್ನು ಕೂಡಿಸಲು ಯತ್ನಿಸಬಹುದು. ಆದರೆ ಮಮ್ಮಟನ ವಿಭಾಗವು ಹೇಳುವವನ ರೀತಿಯನ್ನು ಕುರಿತದ್ದು. ಕೇಳುವವನ ಸ್ಥಿತಿಯನ್ನು ಕುರಿತದ್ದಲ್ಲ. ಬಾಣನ ದೃಷ್ಟಿಯು ಕೇಳುವವನ ಮೇಲಿದೆ.

ಶುಕನಾಸನ ಪಕ್ಷಪಾತಿಗಳು ಇಲ್ಲೊಂದು ಆಕ್ಷೇಪವನ್ನು ತರಬಹುದು. ರೋಗವು ಬರುವುದಕ್ಕೆ ಮುಂಚೆ ಕೊಡುವ ಪಥ್ಯಕ್ಕೂ ಬಂದ ಮೇಲೆ ಮಾಡುವ ಚಿಕಿತ್ಸೆಗೂ ಹೋಲಿಕೆಯೇಕೆ, ಶುಕನಾಸನದು ಪಥ್ಯ, ಅದನ್ನು ಚಿಕಿತ್ಸೆಯಲ್ಲವೆಂದು ದೂಷಿಸುವುದು ನ್ಯಾಯವಲ್ಲ, ಎಂದು. ಆಕ್ಷೇಪವು ಸಮಂಜಸವಾದುದೇ. ಶಾಲೆಯ ಸಮಾಲೋಚನೆಯಲ್ಲಿಯೂ ಎಲ್ಲ ಮಕ್ಕಳಿಗೂ ಮುಂಚಿತವಾಗಿ ಹೇಳತಕ್ಕದ್ದು ಒಂದು ಭಾಗ, ನೊಂದವನೊಬ್ಬನೊಡನೆ ಕುಳಿತು ನಡೆಸತಕ್ಕದ್ದು ಇನ್ನೊಂದು ಭಾಗ. ಆದರೆ ಪಥ್ಯ ಹೇಳಿದ ವೈದ್ಯನು ರೋಗವು ಬಂದಾಗ ಹೇಗೆ ನಡೆದುಕೊಳ್ಳುವನೆಂಬುದನ್ನು ನೋಡುವ ಅವಕಾಶವನ್ನು ಕಥೆಯೇ ಒದಗಿಸಿದೆ. ಬಾಣನ ಮಗನಾದ ಭೂಷಣಭಟ್ಟನು ಪೂರ್ತಿಗೊಳಿಸಿದ ಉತ್ತರಭಾಗದಲ್ಲಿ, ಸೇನೆಯೊಡನೆ ಹಿಂದಿರುಗಬೇಕಾಗಿದ್ದ ವೈಶಂಪಾಯನನು ಅಚ್ಛೋದ ತೀರದಲ್ಲಿ ಏಕೆಂದು ತನಗೇ ತಿಳಿಯದ ಒಂದು ಕಳವಳಕ್ಕೆ ಸಿಕ್ಕಿ ಅಲ್ಲಿಂದ ಕದಲಲಾರದೆ ನಿಲ್ಲುವನು. ಅವನು ಪುಂಡರೀಕನ ಮರುಹುಟ್ಟು, ಶುಕನಾಸನ ಮಗ. ಈ ಸುದ್ದಿಯು ಉಜ್ಜಯಿನಿಯನ್ನು ಮುಟ್ಟಿದಾಗ ರಾಜನು ಚಂದ್ರಾಪೀಡನಿಂದಲೇ ಏನಾದರೂ ಅಪರಾಧವಾಯಿತೋ ಎಂದು ಶಂಕಿಸುವನು. ಶುಕನಾಸನು ಚಂದ್ರಾಪೀಡನ ಪರವಾಗಿ ನಿಂತು, ತನ್ನ ಮಗನನ್ನೇ ಕೃತಘ್ನನೆಂದೂ ತಾಯಿತಂದೆಗಳನ್ನು ಲೆಕ್ಕಿಸದವನೆಂದೂ ಕಠೋರವಾಗಿ ನಿಂದಿಸುವನು. ಮಗನು ಎದುರಿಗಿಲ್ಲ, ಅವನ ಮಾತನ್ನು ಕೇಳಿದವರಿಲ್ಲ. ಆಗ ತಾರಾಪೀಡನು, ನಿನಗೆ ನಾನು ಹೇಳುವುದು ದೀಪದಿಂದ ಅಗ್ನಿಯನ್ನು ಬೆಳಗಿದಂತೆ ಎಂದು ಸಂಕೋಚಪಡುತ್ತಲೇ, ಯೌವನದಲ್ಲಿ ಮನಸ್ಸು ಕದಡದವರು ಯಾರು, ಹುಡುಗನನ್ನು ಕರೆಯಿಸಿ ಕಾರಣವನ್ನು ಅವನಿಂದಲೇ ತಿಳಿದು ಆಮೇಲೆ ತಕ್ಕುದನ್ನು ಮಾಡೋಣವೆಂಬ ಅರ್ಥದ ಮಾತನ್ನು ಆಡುವನು. ಲೋಕಕ್ಕೆಲ್ಲ ಉಪದೇಶಕನಾದ ಅಮಾತ್ಯನಿಗೆ ತೋರದ ಮಾತು, ಒಂದು ಉಪದೇಶವನ್ನೂ ಮಾಡದ ರಾಜನಿಗೆ ತೋರಿತು. ಭೂಷಣಭಟ್ಟನು ತಂದೆಯಷ್ಟು ದೊಡ್ಡ ಕವಿಯಲ್ಲವೆಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಈ ಒಂದು ಸಂವಾದದಲ್ಲಿ ಅವನು ತಂದೆಯ ಮನಸ್ಸನ್ನು ಚೆನ್ನಾಗಿ ಬಲ್ಲವನಾಗಿ ತೋರುತ್ತಾನೆ. ಶುಕನಾಸನ ಉಪದೇಶವನ್ನು ಪ್ರತ್ಯೇಕಿಸಿ ಓದಿಸುವವರು ಶುಕನಾಸನನ್ನು ಈ ಸ್ಥಳದಲ್ಲಿ ವಿದ್ಯಾರ್ಥಿಗಳಿಗೆ ತೋರಿಸುವುದೇ ಇಲ್ಲ.

ಕನ್ನಡದಲ್ಲಿ ಓದುವವರಿಗೆ ನಾಗವರ್ಮನ ಕರ್ಣಾಟಕ ಕಾದಂಬರಿಯುಂಟು. ಬಾಣನ ಗದ್ಯದ ವಿಸ್ತಾರವನ್ನು ಚಂಪುವಿನ ಅಳತೆಗೆ ತಗ್ಗಿಸಿ, ಪೂರ್ವೋತ್ತರಭಾಗಗಳ ಕಥೆಯನ್ನು ಅವನು ಒಂದೇ ಕಾವ್ಯವಾಗಿ ಕೂಡಿಸಿದ್ದಾನೆ. ಈ ಸಂಗ್ರಹದಿಂದ ನಮಗಾಗುವ ಪ್ರಯೋಜನವೆಂದರೆ, ಸಂಸ್ಕೃತದಲ್ಲಿ ನೂರಾರು ಪುಟಗಳ ಅಂತರದಲ್ಲಿರುವ ಪ್ರಸಂಗಗಳು ಇಲ್ಲಿ ಹತ್ತಿರ ಹತ್ತಿರವಾಗಿ ಬಂದು ಒಂದನ್ನೊಂದು ನೋಡುವಂತಾಗಿರುವುದು. ಕನ್ನಡ ಅಧ್ಯಾಪಕರು ಈ ಅನುಕೂಲವನ್ನು ಉಪಯೋಗಿಸಿಕೊಂಡರೆ ಒಂದೇ ತಿಂಗಳ ಪಾಠದಲ್ಲಿ ಎಲ್ಲವನ್ನೂ ಹೋಲಿಸಿ ತೋರಬಹುದು. ಸಂಸ್ಕೃತದ ಅಧ್ಯಾಪಕರಿಗೆ ಅಷ್ಟು ಅವಕಾಶವಿರಲಾರದು. ಅವರ ಉಪಯೋಗಕ್ಕಾಗಿ ಶುಕನಾಸೋಪದೇಶವನ್ನು ಅಚ್ಚುಮಾಡಿಸುವ ಪ್ರಕಾಶಕರು, ಲತಾಗೃಹದ ಸಂವಾದವನ್ನೂ ಚಂದ್ರಾಪೀಡನು ಮಹಾಶ್ವೇತೆಯನ್ನು ಸಂತೈಸುವ ಭಾಗವನ್ನೂ ಮೂಲದಿಂದ ಎತ್ತಿ ಅದರೊಡನೆ ಸೇರಿಸಿದರೆ ಪುಸ್ತಕದ ಗಾತ್ರವಾಗಲಿ ಬೆಲೆಯಾಗಲಿ ಹೆಚ್ಚಾಗಿ ಬೆಳೆಯಲಾರದು. ಪಠ್ಯವನ್ನು ನಿರ್ಣಯಿಸುವ ಮಂಡಲಿಗಳು ಇದನ್ನು ಪರ್ಯಾಲೋಚಿಸಬೇಕೆಂದು ಕೋರುತ್ತೇವೆ.